ಆರೂವರೆ ಬಸ್ಸಿನ ಉಚ್ಚೆಂಗೆಮ್ಮ

ಕಲ್ಲನಹಾಳಿಗೆ ಹೋಗಿ ಉಚ್ಚೆಂಗೆಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಉಚ್ಚೆಂಗೆಮ್ಮ ಎಂದು ನಿಮ್ಮನ್ನೇ ಕೇಳುತ್ತಾರೆ. ಒಂದೇ ಕೇರಿಯಲ್ಲಿ ಆ ಹೆಸರಿನವರು ನಾಲ್ಕು ಮಂದಿ. ಆರೂವರೆ ಬಸ್ಸಿನ ಉಚ್ಚೆಂಗೆಮ್ಮ ಎಂದರೆ ಮಾತ್ರ ಬೆರಳು ಮಾಡಿ ತೋರಿಸುತ್ತಾರೆ. ತೋರಿಸುವಾಗ ಮುಖ ಸ್ವಲ್ಪ ಹುಳ್ಳಗಾಗುತ್ತದೆ. ವರ್ಷದ ಹಿಂದೆ ಇದೇ ಜನ ಇದೇ ಹೆಸರನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು ಎಂಬುದನ್ನು ನೆನೆದರೆ ಮೈ ಉರಿಯುತ್ತದೆ. ಉರಿದು ಮಾಡುವುದೇನು, ಬಸ್ಸಂತೂ ಇಲ್ಲ.

ಸಿರಿಗೇರಿ ದಾಟಿ ಕುರುಗೋಡಿನ ಕಡೆ ಬರುವಾಗ ಸಿಗುವ ಸಣ್ಣ ಊರು ಅದು. ಮೋಕದಲ್ಲಿ ಹುಟ್ಟಿದ ಉಚ್ಚೆಂಗೆಮ್ಮ ಮಾರೆಣ್ಣನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಾಗ ಇನ್ನೂ ಎಳೆಯ ಹುಡುಗಿ. ಮಾರೆಣ್ಣ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಎರಡನ್ನೂ ತಾನೇ ಮೊಳೆ ಹೊಡೆದು ತೂಗುಹಾಕಿದವನು, ಮಗಳಿಗೆ ಯಶೋಧರಾ ಎಂದು ಹೆಸರಿಟ್ಟವನೂ ಅವನೇ. ಆದರೆ ಅವನ ಹೆಂಡತಿ ದುಡಿಯಬೇಕಾದದ್ದು ಚನ್ನಬಸವರಾಜ ಗೌಡರ ಮೆಣಸಿನಕಾಯಿ ಹೊಲದಲ್ಲೇ. ದಿನವಿಡೀ ಬಗ್ಗಿ ಕಾಯಿ ಬಿಡಿಸಿ ಬಂದರೆ ಸಂಜೆ ಆ ಕೈಯಲ್ಲಿ ಮಗಳ ಕೆನ್ನೆ ಮುಟ್ಟುವಂತಿರಲಿಲ್ಲ, ಅಷ್ಟು ಉರಿ. ಕೈಯ ಉರಿ ಕೊಬ್ಬರಿ ಎಣ್ಣೆಗೆ ಇಳಿಯುತ್ತಿತ್ತು. ಬದುವಿನ ಮೇಲೆ ಕೊಡೆ ಹಿಡಿದು ನಿಂತು, “ಏ ಉಚ್ಚೆಂಗಿ, ಬಾಯಿ ಸಾಕು, ಕೈ ಓಡ್ಸು” ಎನ್ನುತ್ತಿದ್ದ ಗೌಡರ ಮಾತಿನ ಉರಿಗೆ ಎಣ್ಣೆ ಇರಲಿಲ್ಲ. ಅದನ್ನು ಹದಿನೆಂಟು ವರ್ಷ ಕೇಳಿದಳು.

ಆಮೇಲೆ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಅವಳ ಅತ್ತಿಗೆ ಕೊಟ್ರಮ್ಮ ಒಂದು ಸಲ ಕರೆದುಕೊಂಡು ಹೋಗಿ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೂರಿಸಿದಳು. ಮೊದಲು ದಾರ ಕತ್ತರಿಸುವ ಕೆಲಸ, ಆಮೇಲೆ ಜೇಬು, ಕೊನೆಗೆ ಪ್ಯಾಂಟಿಗೆ ಸೊಂಟಪಟ್ಟಿ ಕೂರಿಸುವ ಮಷಿನ್ನು. ಅದು ಎಲ್ಲರ ಕೈಗೆ ಒಗ್ಗುವುದಲ್ಲ. ಉಚ್ಚೆಂಗೆಮ್ಮನಿಗೆ ಒಗ್ಗಿತು. ಕಾರ್ಖಾನೆಯ ಮೇಸ್ತ್ರಿ ಅವಳನ್ನು “ಉಚ್ಚೆಂಗೆಮ್ಮಾರ” ಎಂದು ಕರೆದ ದಿನ ಅವಳು ಮಷಿನ್ ನಿಲ್ಲಿಸಿ ಒಂದು ಗಳಿಗೆ ಹಾಗೇ ಕೂತಿದ್ದಳಂತೆ. ಬಹುವಚನದಲ್ಲಿ ತನ್ನನ್ನು ಯಾರಾದರೂ ಕರೆಯಬಹುದು ಎಂದು ಅವಳು ಎಣಿಸಿರಲಿಲ್ಲ.

ತೊಂದರೆ ಇದ್ದದ್ದು ದಾರಿಯಲ್ಲಿ. ಕಾರ್ಖಾನೆಯ ಗೇಟು ಎಂಟೂವರೆಗೆ ಹಾಕುತ್ತಾರೆ. ತಿಂಗಳಲ್ಲಿ ಮೂರು ದಿನ ತಡವಾದರೆ ಮಷಿನ್ನು ಬೇರೆಯವರ ಪಾಲು. ಕಲ್ಲನಹಾಳಿನಿಂದ ಬಳ್ಳಾರಿಗೆ ಇದ್ದ ಮೊದಲ ಬಸ್ಸು ಒಂಬತ್ತೂ ಕಾಲಿಗೆ. ಹಾಗಾಗಿ ವಾರಕ್ಕೆ ಆರು ದಿನ ಅವಳು ಕೊಟ್ರಮ್ಮನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು, ಭಾನುವಾರ ಊರಿಗೆ. ಯಶೋಧರಾ ದೊಡ್ಡವಳಾದದ್ದು ಇವಳಿಗೆ ಗೊತ್ತಾದದ್ದೇ ಮೂರು ದಿನ ತಡವಾಗಿ. ಮಗಳು ಮೈನೆರೆದಾಗ ತಾಯಿ ಪಕ್ಕದಲ್ಲಿಲ್ಲ ಎಂದರೆ ಯಾವ ಹೆಣ್ಣಿಗೆ ಹೊಟ್ಟೆ ಸುಡುವುದಿಲ್ಲ? ಮುಂದೆ ಕೊಟ್ರಮ್ಮನ ಮಗನ ಮದುವೆ ಗೊತ್ತಾಗಿ ಆ ಪಡಸಾಲೆಯೂ ತಪ್ಪುವ ಹಾಗಾಯಿತು. ಆಗ ಅವಳು ಬಸ್ಸಿನ ಬೆನ್ನು ಹತ್ತಿದಳು.

ಹನ್ನೊಂದು ಅರ್ಜಿ. ಬರೆಯುವವಳು ಮಗಳು, ಒಯ್ಯುವವಳು ತಾಯಿ. ಒಬ್ಬ ಸಾಹೇಬರು ರಸ್ತೆ ಸರಿಯಿಲ್ಲ ಎಂದರು, ಇನ್ನೊಬ್ಬರು ಬಸ್ಸಿಲ್ಲ ಎಂದರು, ಮತ್ತೊಬ್ಬರು ಡ್ರೈವರಿಲ್ಲ ಎಂದರು. ಹನ್ನೆರಡನೆಯ ಸಲ ಅವಳು ಅರ್ಜಿ ಒಯ್ಯಲಿಲ್ಲ, ಐವತ್ತು ಹೆಂಗಸರನ್ನು ಒಯ್ದಳು. ಡಿಪೋದ ಬಾಗಿಲಿಗೆ ಅಡ್ಡಲಾಗಿ ಕೂತು ಬುತ್ತಿ ಬಿಚ್ಚಿ ಉಂಡರು. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಹೊರಗೆ ಬಂದರು. ಹದಿನೈದು ದಿನಕ್ಕೆ ಸಿರಿಗೇರಿ, ಕಲ್ಲನಹಾಳು, ಕುರುಗೋಡು, ಬಳ್ಳಾರಿ ಎಂದು ಬರೆದ ಬೋರ್ಡು ಹಾಕಿಕೊಂಡು ಬಸ್ಸು ಬಂತು. ಬೆಳಿಗ್ಗೆ ಆರೂವರೆಗೆ ಊರು ಬಿಟ್ಟರೆ ಎಂಟೂ ಐದಕ್ಕೆ ಬಳ್ಳಾರಿ. ಸಂಜೆ ಏಳಕ್ಕೆ ಮನೆ.

ಅಕ್ಕ, ನಮಗೂ ಮಷಿನ್ ಕಲಿಸು ಎಂದು ಒಬ್ಬೊಬ್ಬರೇ ಬಂದರು. ಕೇರಿಯವರು, ಅಗಸಿ ಓಣಿಯವರು, ಮಠದ ಓಣಿಯವರು. ಆರು ತಿಂಗಳಿಗೆ ಆ ಬಸ್ಸಿಗೆ ಎಪ್ಪತ್ತು ಮಂದಿ ಹೆಂಗಸರು. ಗೌಡರ ಹೊಲಕ್ಕೆ ಆಳು ಸಿಗದೆ ಕಾಯಿ ಗಿಡದಲ್ಲೇ ಒಣಗಿತು. ಉಚ್ಚೆಂಗೆಮ್ಮನಿಗೆ ಅದರಿಂದ ಖುಷಿಯಾಯಿತೇ ಎಂದರೆ, ಹೌದು, ಆಯಿತು. ಸುಳ್ಳು ಹೇಳಿ ಆಗಬೇಕಾದದ್ದೇನಿದೆ?

ಬಸ್ಸಿನ ಕಂಡಕ್ಟರ್ ಹನುಮೇಶ್, ಕುರುಗೋಡಿನವನು. ಇನ್ನೂ ತರಬೇತಿಯ ಅವಧಿಯಲ್ಲಿದ್ದ ಎಳೆಯ ಹುಡುಗ, ಹೆಂಡತಿ ಗಂಗೋತ್ರಿ ಬಾಣಂತಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಆಗಲೇ ಬಹಳ ದಿನವಾಗಿತ್ತು. ದುಡ್ಡಿಲ್ಲದಿದ್ದರೂ ಪ್ರತಿಯೊಬ್ಬಳ ಆಧಾರ್ ನೋಡಿ, ಮಷಿನ್ ಒತ್ತಿ, ಸೊನ್ನೆ ಎಂದು ಅಚ್ಚಾದ ಟಿಕೀಟು ಕೊಡಲೇಬೇಕು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಹಿಂದಿನ ಸೀಟಿನ ತನಕ ಅವನು ತೂರಿಕೊಂಡು ಹೋಗುವುದು ಹೇಗೆ? ಊರ ಹೊರಗೆ ಬಸ್ಸು ನಿಲ್ಲಿಸಿ ಕೊಡುತ್ತಿದ್ದ. ಇಪ್ಪತ್ತು ಇಪ್ಪತ್ತೈದು ನಿಮಿಷ ಅಲ್ಲೇ ಹೋಗುತ್ತಿತ್ತು. ಬಸ್ಸು ಹೀಗೆ ತುಂಬಿದ ಮೊದಲ ತಿಂಗಳಲ್ಲೇ ಹಲವರ ಗೇಟು ತಪ್ಪಿತು. ಉಚ್ಚೆಂಗೆಮ್ಮನದು ಎರಡು ಸಲ. ಇನ್ನೊಂದು ಸಲವಾದರೆ ಮುಗಿಯಿತು.

“ಹನುಮೇಶಪ್ಪ, ನಿನ್ನ ಟಿಕೀಟು ನಮ್ಮ ಅನ್ನ ತಿಂತೈತಿ,” ಎಂದಳು ಅವಳು. “ದುಡ್ಡು ಕೊಡೋ ಗಂಡಸರಿಗೆ ಹರಿದು ಕೊಡು. ಸೊನ್ನಿ ಟಿಕೀಟಿಗೆ ಯಾಕಿಷ್ಟು ಒದ್ದಾಡ್ತಿ? ನಮ್ಮನ್ನ ಬಿಡು, ಬಸ್ಸು ಬಿಡು.”

“ಹಂಗ ಬಿಡಾಕ ಬರಂಗಿಲ್ಲಕ್ಕ. ಚೆಕಿಂಗಿನೋರು ಬಂದ್ರ ನನ್ನ ಕತಿ ಮುಗೀತು.”

“ಈ ರೋಡಿಗೆ, ಈ ಹೊತ್ತಿನ್ಯಾಗ, ಯಾವ ಚೆಕಿಂಗಿನವ ಹಾಸಿಗಿ ಬಿಟ್ಟು ಬರ್ತಾನ? ಬಂದ್ರ ನಾ ಅದೀನಿ. ಉಚ್ಚೆಂಗೆಮ್ಮನ ಮಾತು ಅನ್ನು.”

ಹುಡುಗ ಒಪ್ಪಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಬಸ್ಸು ನಿಲ್ಲಿಸಿಯೇ ಕೊಟ್ಟ. ಮೂರನೆಯ ದಿನ ಉಚ್ಚೆಂಗೆಮ್ಮ ಒಂದು ಏರ್ಪಾಡು ಮಾಡಿಕೊಂಡು ಬಂದಳು. ಮುಂದಿನ ಸೀಟುಗಳಲ್ಲಿ ಕೂತ ಹನ್ನೆರಡು ಮಂದಿ ಟಿಕೀಟು ತೆಗೆದುಕೊಳ್ಳುವುದು, ಉಳಿದವರು ಬೇಡ. ಮುಂದೆ ಕೂರುವುದು ಪಾಳಿಯ ಪ್ರಕಾರ: ಸೋಮವಾರ ಕೇರಿಯವರು, ಮಂಗಳವಾರ ಅಗಸಿ ಓಣಿ, ಬುಧವಾರ ಮಠದ ಓಣಿ. ಕೇರಿ ನೀರಿಗೆ ಪಾಳಿ ಹಚ್ಚುವ ಹಾಗೆ ಟಿಕೀಟಿಗೂ ಪಾಳಿ. ಬಸ್ಸು ಊರ ಹೊರಗೆ ನಿಲ್ಲುವುದು ತಪ್ಪಿತು. ಎಂಟೂ ಐದಕ್ಕೆ ಬಳ್ಳಾರಿ, ಎಂಟೂ ಇಪ್ಪತ್ತಕ್ಕೆ ಗೇಟಿನ ಒಳಗೆ. ಬಸ್ಸಿಗೆ ಬಸ್ಸೇ ಅವಳ ತಲೆಯನ್ನು ಹೊಗಳಿತು. ಹನುಮೇಶನ ಮಗುವಿಗೆ ಹೆಂಗಸರೆಲ್ಲ ಸೇರಿ ಹಳೆಯ ಸೀರೆಗಳಿಂದ ಕೌದಿ ಹೊಲಿದು ಕೊಟ್ಟರು.

ಆ ಸೊನ್ನೆಯ ಟಿಕೀಟಿಗೂ ಸರ್ಕಾರ ಹಿಂದಿನಿಂದ ದುಡ್ಡು ಕಟ್ಟುತ್ತದೆ, ಅದನ್ನು ನೋಡಿಯೇ ಯಾವ ದಾರಿಗೆ ಬಸ್ಸು ಬೇಕು ಬೇಡ ಎಂದು ತೀರ್ಮಾನಿಸುತ್ತಾರೆ ಎಂಬುದನ್ನು ಅವರಿಗೆ ಯಾರು ಹೇಳಬೇಕಿತ್ತು? ಸೊನ್ನೆ ಎಂದರೆ ಏನೂ ಇಲ್ಲ ಎಂದೇ ಅವರು ತಿಳಿದದ್ದು. ಹನುಮೇಶನಿಗೆ ಅಷ್ಟಿಷ್ಟು ಗೊತ್ತಿತ್ತೋ ಏನೋ. ಅಕ್ಕಂದಿರ ಎದುರು ಅವನ ಬಾಯಿ ನಡೆಯಲಿಲ್ಲ.

ಹನ್ನೊಂದು ತಿಂಗಳು ಹೀಗೆ ನಡೆಯಿತು. ಒಂದು ಸೋಮವಾರ ಆರೂವರೆಗೆ ಬಸ್ಸು ಬರಲಿಲ್ಲ. ಕೆಟ್ಟಿರಬೇಕು ಎಂದುಕೊಂಡರು. ಮಂಗಳವಾರವೂ ಬರಲಿಲ್ಲ. ಬುಧವಾರ ಹನುಮೇಶನಿಗೆ ಫೋನು ಮಾಡಿದಾಗ, ತನ್ನನ್ನು ಬೇರೆ ದಾರಿಗೆ ಹಾಕಿದ್ದಾರೆ, ಆರೂವರೆ ಬಸ್ಸನ್ನು ತೆಗೆದೇಬಿಟ್ಟಿದ್ದಾರೆ ಎಂದ. ದಿನಕ್ಕೆ ಹನ್ನೆರಡು ಹೆಂಗಸರು, ಎಂಟೋ ಒಂಬತ್ತೋ ಗಂಡಸರು, ಇಷ್ಟು ಜನಕ್ಕೆ ಅಷ್ಟು ದೊಡ್ಡ ಬಸ್ಸು ಯಾಕೆ ಎಂದು ಮೇಲಿನವರು ಬರೆದಿದ್ದರಂತೆ. ಉಚ್ಚೆಂಗೆಮ್ಮ ಫೋನು ಕೆಳಗಿಟ್ಟಳು. ಪಾಳಿ ಹಚ್ಚಿದ ಕೈ ಅವಳದೇ.

ಎಪ್ಪತ್ತು ಮಷಿನ್ನುಗಳ ಪೈಕಿ ಅರವತ್ತು ಆ ತಿಂಗಳಲ್ಲೇ ಕೈಬಿಟ್ಟವು. ಮೇಸ್ತ್ರಿ ಮಾತ್ರ ಉಚ್ಚೆಂಗೆಮ್ಮನಿಗೆ, “ತಿಂಗಳ ಕೊನಿತನಕ ನಿಮ್ಮ ಮಷಿನ್ ಕಾಯ್ತೀನ್ರಿ, ಅದರಾಚಿಗೆ ನನ್ನ ಕೈಯಾಗಿಲ್ಲ,” ಎಂದಿದ್ದ. ಅಷ್ಟರೊಳಗೆ ಬಸ್ಸು ಮರಳಿ ಬರಬೇಕು. ಬಾರದಿದ್ದರೆ ಗೌಡರ ಬದು, ಗೌಡರ ಕೊಡೆ, ಏ ಉಚ್ಚೆಂಗಿ.

ಅದೇ ವಾರ ಬಳ್ಳಾರಿಯಲ್ಲಿ ಒಂದು ಸಭೆ ಎಂದು ಪಂಚಾಯಿತಿಗೆ ಕಾಗದ ಬಂತು. ಇಡೀ ಸೀಮೆಯ ಸಾರಿಗೆಯನ್ನು ರೈಲು, ಬಸ್ಸು, ಟ್ರಾಮುಗಳಿಂದ ಸುಧಾರಿಸುವುದು ಹೇಗೆ ಎಂದು ಜನರನ್ನೇ ಕೇಳುತ್ತಾರಂತೆ, ಹಳ್ಳಿಗೊಬ್ಬ ಮಹಿಳೆ ಬರಬೇಕಂತೆ. ಬೇರೆ ಯಾರಿದ್ದಾರೆ? ಉಚ್ಚೆಂಗೆಮ್ಮ ಒಂಬತ್ತೂ ಕಾಲಿನ ಬಸ್ಸು ಹಿಡಿದು ಹೋದಳು.

ತಣ್ಣನೆಯ ದೊಡ್ಡ ಸಭಾಂಗಣ. ಗೋಡೆಯ ಮೇಲೆ ಚಿತ್ರ ಬಿಟ್ಟಿದ್ದರು. ಬಳ್ಳಾರಿಯ ಬೀದಿಯಲ್ಲಿ ಹಳಿಯ ಮೇಲೆ ಹಸಿರು ಬಣ್ಣದ ಟ್ರಾಮು, ಎರಡೂ ಕಡೆ ಸಾಲುಮರ, ಕೆಳಗೆ ನಗುನಗುತ್ತಾ ನಡೆಯುವ ಜನ. ಆ ಬೀದಿಯಲ್ಲಿ ಮರ ಎಲ್ಲಿತ್ತು ಎಂದು ಅವಳು ನೆನಪು ಮಾಡಿಕೊಂಡು ಸೋತಳು. ಆಮೇಲೆ ಒಂದು ನಕಾಶೆ. ಜನ ಹೆಚ್ಚು ಓಡಾಡುವ ದಾರಿಗೆ ದಪ್ಪ ಗೆರೆ, ಕಡಿಮೆ ಓಡಾಡುವ ದಾರಿಗೆ ಸಣ್ಣ ಗೆರೆ ಎಂದು ಕನ್ನಡಕದ ಮೇಡಮ್ಮು ವಿವರಿಸಿದರು. ಬಳ್ಳಾರಿಯಿಂದ ಕುರುಗೋಡಿನ ತನಕ ಗೆರೆ ಹಗ್ಗದಷ್ಟಿತ್ತು. ಅಲ್ಲಿಂದ ಕಲ್ಲನಹಾಳಿಗೆ ಕೂದಲೆಳೆ.

ಉಚ್ಚೆಂಗೆಮ್ಮ ಎದ್ದು ನಿಂತಳು. ಮೈಕು ಅವಳ ಕೈಗೆ ಬಂತು.

“ಅಲ್ಲಿ ನಾವು ಎಪ್ಪತ್ತು ಮಂದಿ ಇದ್ವಿ. ನಾವು ಎಲ್ಲಿ ಅದೀವ್ರಿ ಅದ್ರಾಗ?”

ಮೇಡಮ್ಮು ಮೆತ್ತಗೆ ನಕ್ಕರು. “ಅಮ್ಮಾ, ಇದು ಟಿಕೆಟ್ ಲೆಕ್ಕದ ಮೇಲೆ ಮಾಡಿದ್ದು. ಬೆಳಿಗ್ಗೆ ಹೊತ್ತು ಅಲ್ಲಿಂದ ಹನ್ನೆರಡೇ ಜನ ಹೆಂಗಸರು ಬರ್ತಿದ್ದದ್ದು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಉಚ್ಚೆಂಗೆಮ್ಮನಿಗೆ ತಡೆಯಲಾಗಲಿಲ್ಲ. ಗೇಟು, ಸೊನ್ನೆಯ ಟಿಕೀಟು, ಪಾಳಿ, ಎಲ್ಲವನ್ನೂ ಒಂದೇ ಉಸಿರಿಗೆ ಮೈಕಿನಲ್ಲಿ ಹೇಳಿಬಿಟ್ಟಳು. ಕೂತ ಮೇಲೆ ಸಾರಿಗೆಯ ಸಾಹೇಬರೊಬ್ಬರು ಬಾಗಿಕೊಂಡು ಅವಳ ಪಕ್ಕಕ್ಕೇ ಬಂದರು. ಮಾತು ಬಲು ಮೃದು.

“ಬರೆದು ಕೊಡಮ್ಮ, ಬಸ್ ವಾಪಸ್ ಹಾಕೋದು ಪರಿಶೀಲಿಸ್ತೀವಿ. ಬಾಯಲ್ಲಿ ಹೇಳಿದ್ರೆ ಫೈಲ್ ಆಗಲ್ಲ. ಕಂಡಕ್ಟರ್ ಯಾರು ಆಗ?”

ಕೌದಿಯ ಮೇಲೆ ಮಲಗಿದ್ದ ಹನುಮೇಶನ ಕೂಸು ಅವಳ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ತಿಂಗಳ ಕೊನೆಯೂ ಬಂತು, ಇನ್ನು ಒಂಬತ್ತು ದಿನ. ಹೆಸರು ಹೇಳಿದಳು. “ಅವನದು ತಪ್ಪಿಲ್ಲ ಸಾಹೇಬ್ರ, ನಾನೇ ಒತ್ತಾಯ ಮಾಡಿದ್ದು. ಹಂಗಂತ ಬರಕೋರಿ,” ಎಂದಳು. ಬರೆದುಕೊಳ್ಳುತ್ತೇನೆ ಎಂದು ಅವರು ತಾವೇ ಒಂದು ಹಾಳೆ ತುಂಬಿಸಿದರು, ಬಡಬಡ ಓದಿ ಹೇಳಿದರು. ಅವಳು ಸಹಿ ಹಾಕಿದಳು.

ಒಂಬತ್ತು ದಿನ ಕಳೆಯಿತು. ಮಷಿನ್ನು ಹೋಯಿತು. ಮುಂದಿನ ವಾರ ಅವಳು ಗೌಡರ ಹೊಲದಲ್ಲಿದ್ದಳು. ಗೌಡರು ಏನೂ ಬೈಯಲಿಲ್ಲ. “ಬಂದ್ಯಾ?” ಎಂದರು, ಅಷ್ಟೆ. ಸಾಲಿನಲ್ಲಿ ಅವಳ ಎಡಕ್ಕೂ ಬಲಕ್ಕೂ ಇದ್ದವರು ಅವಳೇ ಮಷಿನ್ ಕಲಿಸಿದ ಹೆಂಗಸರು. ಅವರೂ ಅವಳ ಜೊತೆ ಮಾತಾಡಲಿಲ್ಲ. ಮೈಕಿನಲ್ಲಿ ಎಲ್ಲರ ಮಾನ ಕಳೆದವಳು, ಬಸ್ಸನ್ನು ನುಂಗಿದವಳು ಎಂದು ಊರಲ್ಲಿ ಮಾತಾಗಿತ್ತು. ಪಾಳಿಯಿಂದ ತಿಂಗಳುಗಟ್ಟಲೆ ಸುಖಪಟ್ಟವರೇ ಹೀಗೆ ಅಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಕಾಗದ ಬಂದದ್ದು ಆಮೇಲೆ. ಯಶೋಧರಾ ಓದಿದಳು. “ನಿಮ್ಮ ದೂರಿನ ಮೇರೆಗೆ ಸದರಿ ನಿರ್ವಾಹಕರನ್ನು ಅಮಾನತಿನಲ್ಲಿಟ್ಟು ವಿಚಾರಣೆಗೆ ಆದೇಶಿಸಲಾಗಿದೆ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.”

“ಬಸ್ಸಿಂದು?” ಎಂದಳು ತಾಯಿ.

ಮಗಳು ಕಾಗದವನ್ನು ತಿರುಗಿಸಿ ನೋಡಿದಳು. “ಬಸ್ಸಿಂದು ಏನಿಲ್ಲವ್ವ.”

“ನಾ ದೂರು ಎಲ್ಲಿ ಕೊಟ್ನೆ? ನಾ ಬಸ್ಸು ಕೇಳಿದ್ದು.”

ಮರುದಿನವೇ ಕುರುಗೋಡಿಗೆ ಹೋದಳು. ಹನುಮೇಶ ಬಾಗಿಲಲ್ಲಿ ಕೂತಿದ್ದ. ಗಂಗೋತ್ರಿ ಒಳಗಿನಿಂದ ಅವಳನ್ನು ನೋಡಿ ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು, ಕೂರು ಅನ್ನಲಿಲ್ಲ. ಹುಡುಗ ಮಾತ್ರ ಕೂರಿಸಿದ. ಸಿಟ್ಟಿಗೆ ಬದಲು ಅವನ ಮುಖದಲ್ಲಿ ಭಯವಿತ್ತು.

“ತರಬೇತಿ ಮುಗಿದಿಲ್ಲಕ್ಕ, ಮನಿಗೆ ಕಳ್ಸಾಕ ಅವರಿಗೆ ಇಷ್ಟು ಸಾಕು,” ಎಂದ. “ವಿಚಾರಣಿ ದಿನ ನೀ ಬಂದು, ನಾನೇ ಬ್ಯಾಡಂದೆ, ಅವ ಕೊಡಾಕ ಬಂದಿದ್ದ ಅಂತ ಹೇಳಿದ್ರ ಉಳೀಬಹುದು. ನಿನ್ನ ಸಹಿ ಐತಿ, ನಿನ್ನ ಮಾತಷ್ಟೇ ಕೇಳ್ತಾರ.”

“ಬರ್ತೀನಪ್ಪ. ಸತ್ರೂ ಬರ್ತೀನಿ.”

ವಿಚಾರಣೆಯ ದಿನ ಗೊತ್ತಾದದ್ದು ಹಿಂದಿನ ಸಂಜೆ. ಹನುಮೇಶ ಬಳ್ಳಾರಿಯಿಂದಲೇ ಫೋನು ಮಾಡಿದ: ನಾಳೆ ಹತ್ತು ಗಂಟೆಗೆ, ತಪ್ಪಿಸಬೇಡ. ಸಂಜೆಯ ಕೊನೆಯ ಬಸ್ಸು ಹೋಗಿಯಾಗಿತ್ತು. ಮಾರೆಣ್ಣ ಬೈಕಿಗಾಗಿ ಕೇರಿಯ ಹೊನ್ನೂರಸ್ವಾಮಿಯ ಮನೆಗೆ ಹೋದ, ಬೈಕು ಸಿರುಗುಪ್ಪದಲ್ಲಿ ರಿಪೇರಿಗೆ ಬಿದ್ದಿತ್ತು. ಕೇಳಬಹುದಾದ ಇನ್ನೆರಡು ಮನೆಗಳಲ್ಲಿ ಉಚ್ಚೆಂಗೆಮ್ಮನಿಗೆ ಎಂದೊಡನೆ ಬೈಕುಗಳಿಗೆ ಪೆಟ್ರೋಲು ಇಲ್ಲದಂತಾಯಿತು. ಉಳಿದದ್ದು ರಾಮಾಂಜಿನಿಯ ಬಾಡಿಗೆ ಜೀಪು, ಟ್ರ್ಯಾಕ್ಸು. ಬೆಳಿಗ್ಗೆ ಏಳಕ್ಕೆ ಊರ ಅಗಸಿ ಬಾಗಿಲ ಹತ್ತಿರ ನಿಲ್ಲುತ್ತದೆ, ತುಂಬಿದರೆ ಬಳ್ಳಾರಿಗೆ ಹೋಗುತ್ತದೆ, ಕಾರ್ಖಾನೆಯ ಗೇಟಿನ ಹೊತ್ತಿಗಂತೂ ಅದು ಮುಟ್ಟುವುದಲ್ಲ.

ಏಳಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಕೂತಳು. ಏಳೂವರೆಗೆ ಮೂವರಾದರು. ಎಂಟಕ್ಕೂ ಮೂವರೇ.

“ಹೊರಡು ರಾಮಾಂಜಿನಿ, ಒಬ್ಬ ಹುಡುಗನ ನೌಕರಿ ವಿಷಯ ಐತಿ.”

“ಹತ್ತು ಮಂದಿಯಾದ್ರೂ ಆಗ್ಲಿ ಅಕ್ಕ, ಡೀಸೆಲ್ಲಿಗಾದ್ರೂ ಗಿಟ್ಟಬೇಕಲ್ಲ. ಮೊದ್ಲು ಈ ಹೊತ್ತಿಗೆ ಊರ ಹೆಂಗಸರೆಲ್ಲ ಬಳ್ಳಾರಿಗೆ ಹೋಗ್ತಿದ್ರು. ಈಗ ಯಾರು ಹೋಗ್ತಾರ?”

ಹೌದು, ಯಾರು ಹೋಗುತ್ತಾರೆ? ಆ ಹೆಂಗಸರು ಆಗ ಅವಳ ಕಣ್ಣೆದುರೇ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ನಿಂತು ಗೌಡರ ಹೊಲದ ಕಡೆ ಹೋದರು. ಉಚ್ಚೆಂಗೆಮ್ಮ ಇಳಿದು ರಸ್ತೆಗೆ ನಿಂತು ಕೈ ಅಡ್ಡ ಹಿಡಿದಳು. ಎರಡು ಕಾರು ನಿಲ್ಲದೆ ಹೋದವು. ಒಂದು ಭತ್ತದ ಲಾರಿ ನಿಂತಿತು, ಅದು ಸಿರುಗುಪ್ಪಕ್ಕೆ. ಒಂಬತ್ತಕ್ಕೆ ರಾಮಾಂಜಿನಿ ಇವತ್ತು ಹೋಗುವುದಿಲ್ಲ ಎಂದು ಗಾಡಿ ತಿರುಗಿಸಿಕೊಂಡ. ಒಂಬತ್ತೂ ಕಾಲಿನ ಬಸ್ಸು ಆ ದಿನ ಒಂಬತ್ತೂವರೆ ದಾಟಿ ಬಂತು. ಹನುಮೇಶನಿಗೆ ಏಳು ಸಲ ಫೋನು ಹಚ್ಚಿದಳು. ವಿಚಾರಣೆಯ ಕೋಣೆಗೆ ಹೋಗುವ ಮುಂಚೆ ಫೋನನ್ನು ಆಫ್ ಮಾಡಿಸಿದ್ದರು.

ಆಫೀಸು ಮುಟ್ಟಿದಾಗ ಹನ್ನೊಂದೂವರೆ. ಗುಮಾಸ್ತ ಫೈಲು ಕಟ್ಟುತ್ತಿದ್ದ. ದೂರುದಾರರು ಹಾಜರಾಗಿಲ್ಲ, ಆದ್ದರಿಂದ ಲಿಖಿತ ದೂರನ್ನೇ ಹೇಳಿಕೆ ಎಂದು ಪರಿಗಣಿಸಲಾಗಿದೆ ಎಂದು ಬರೆದಾಗಿತ್ತು. ಅವಳು ಕೈ ಮುಗಿದಳು, ಮೇಜು ಹಿಡಿದಳು, ಬಂದಿದ್ದೀನಲ್ಲ ಈಗ ಕೇಳಿರಿ ಎಂದಳು. ಸಾಹೇಬರು ಮೀಟಿಂಗಿಗೆ ಹೋದರು ಎಂದ ಗುಮಾಸ್ತ. ಟ್ರಾಮಿನ ಮೀಟಿಂಗಂತೆ. “ದೂರದ ಊರೋರು ನೀವು, ಬೆಳಿಗ್ಗೆ ಬೇಗ ಹೊರಡಬಾರದೇನಮ್ಮ?” ಎಂದೂ ಕೇಳಿದ.

ಹನುಮೇಶ ಹೊರಗೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ. ಅವಳನ್ನು ನೋಡಿ ಎದ್ದು ನಿಂತ. ಬೈಯಲಿ ಎಂದು ಅವಳು ಕಾದಳು, ಹೊಡೆದರೂ ಸರಿ ಎಂದು ನಿಂತಳು. ಅವನು ಬೈಯಲಿಲ್ಲ. ಎಷ್ಟೊತ್ತಿಗೆ ಬಿಟ್ಟೆ, ಯಾವುದರಲ್ಲಿ ಬಂದೆ ಎಂದು ಕೇಳಿದ. ಅವಳು ಹೇಳಿದಳು. ಅದನ್ನೆಲ್ಲ ಅವನು ತಲೆಯಾಡಿಸುತ್ತಾ ಕೇಳಿಸಿಕೊಂಡ, ಆಮೇಲೆ ಕೈಗಡಿಯಾರ ನೋಡಿದ.

“ನಿಮ್ಮೂರಿಗೆ ಹನ್ನೆರಡೂವರಿಗೆ ಒಂದು ಬಸ್ಸು ಐತಿ ಅಕ್ಕ, ಮೂರನೇ ಪ್ಲಾಟ್‌ಫಾರ್ಮಿನ್ಯಾಗ ನಿಲ್ತೈತಿ,” ಎಂದ. “ಲಗೂ ಹೋಗು. ಅದು ತಪ್ಪಿತಂದ್ರ ಸಂಜಿತನಕ ಇನ್ನೊಂದಿಲ್ಲ.”

ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು.